ಮನೆಯಲ್ಲಿ ಎಲೆಕ್ಟ್ರಿಕ್ ಕಾರ್ ಚಾರ್ಜಿಂಗ್: 15 ಆಂಪ್ ಪಾಯಿಂಟ್ ಸಾಕಾ, 7.2 ಕಿಲೋವ್ಯಾಟ್‌ಗೆ ಲೈನ್ ಎಳೆಸಬೇಕಾ?

ಮೈಸೂರು_ಕಾರ್‌ಶೆಡ್
ಎಲ್ಲರಿಗೂ ನಮಸ್ಕಾರ. ಮನೆ 1998ರದ್ದು. ಸಿಂಗಲ್ ಫೇಸ್, ಬಿಲ್ಲಿನಲ್ಲಿ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಲೋಡಿನ ಮಿತಿ) 3 ಕಿಲೋವ್ಯಾಟ್ ಅಂತಿದೆ. ಬರುತ್ತಿರುವ ಕಾರಿನ ಬ್ಯಾಟರಿ 24 ಕಿಲೋವ್ಯಾಟ್ ಅವರ್. ಜೊತೆಯಲ್ಲಿ 15 ಆಂಪ್ ಪ್ಲಗ್ ಇರುವ 3.3 ಕಿಲೋವ್ಯಾಟ್ ಪೋರ್ಟಬಲ್ ಚಾರ್ಜರ್ ಕೊಡುತ್ತಾರೆ, ದುಡ್ಡು ಹೆಚ್ಚು ಕೊಟ್ಟರೆ ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಬಾಕ್ಸ್. ದಿನದ ಓಡಾಟ ಸುಮಾರು 40 ಕಿ.ಮೀ. ಡಿಬಿಯಿಂದ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಕಾರ್ ನಿಲ್ಲಿಸುವ ಜಾಗಕ್ಕೆ ಪೈಪ್ ದಾರಿ 22 ಮೀಟರ್. ಈಗ ಶೆಡ್ಡಿನಲ್ಲಿ ಒಂದು ಪವರ್ ಪ್ಲಗ್ ಇದೆ, ಅದು ವಾಷಿಂಗ್ ಮೆಷಿನ್ ಲೈನಿನಿಂದಲೇ ಎಳೆದದ್ದು. ಅದಕ್ಕೇ ಚುಚ್ಚಬಹುದಾ? ಇಲ್ಲ ಅಂದ್ರೆ ಏನೇನು ಹಾಕಿಸಬೇಕು, ಅಳತೆ ಸಮೇತ ಹೇಳಿ.

ಲೋಡ್_ಲೆಕ್ಕ
ಮೊದಲು ಎಷ್ಟು ಬೇಕು ಅಂತ ನೋಡೋಣ ಸರ್, ತಂತಿ ಆಮೇಲೆ.

ನಿಮ್ಮ ಕಾರಿನಂಥದ್ದು 40 ಕಿ.ಮೀ. ಓಡಿದರೆ ಚಾರ್ಜಿಂಗ್ ನಷ್ಟವೂ ಸೇರಿ ಗೋಡೆಯಿಂದ ಹೆಚ್ಚೆಂದರೆ 6 ಯುನಿಟ್ ಎಳೆಯುತ್ತದೆ. 3.3 ಕಿಲೋವ್ಯಾಟ್‌ನಲ್ಲಿ ಅದು ಎರಡು ಗಂಟೆಯೊಳಗಿನ ಕೆಲಸ. ಪೂರ್ತಿ ಖಾಲಿಯಿಂದ ಪೂರ್ತಿ ತುಂಬಿಸಿದರೂ ಒಂಬತ್ತು ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ರೆಡಿ. 7.2ರ ಬಾಕ್ಸ್ ಬೇಕಾಗುವುದು ಎರಡು ಕಾರು ಇರುವವರಿಗೆ, ಇಲ್ಲವೇ 50 ಕಿಲೋವ್ಯಾಟ್ ಅವರ್ ಆಸುಪಾಸಿನ ದೊಡ್ಡ ಬ್ಯಾಟರಿಯನ್ನು ದಿನವೂ ಬರಿದು ಮಾಡುವವರಿಗೆ. ಇನ್ನೊಂದು ವಿಷಯ: ಎಸಿಯನ್ನು ಡಿಸಿ ಮಾಡುವ ಚಾರ್ಜರ್ ಕಾರಿನೊಳಗೇ ಇರುತ್ತದೆ. ಅದು 3.3ರದ್ದಾದರೆ ಗೋಡೆಗೆ 7.2ರ ಬಾಕ್ಸ್ ಹಾಕಿದರೂ ಕಾರು 3.3ಕ್ಕಿಂತ ಒಂದು ಚೂರೂ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಬುಕ್ ಮಾಡಿರುವ ಮಾದರಿಯಲ್ಲಿ ಯಾವುದಿದೆ ಅಂತ ಮೊದಲು ಕೇಳಿ.

ನನ್ನ ಸಲಹೆ ಇಷ್ಟೇ. ಸರಿಯಾಗಿ ಮಾಡಿದ 15 ಆಂಪ್ ಲೈನು, ಅರೆಬರೆ ಮಾಡಿದ 32 ಆಂಪ್ ಲೈನಿಗಿಂತ ಎಷ್ಟೋ ಮೇಲು. ಆದರೆ ವಾಷಿಂಗ್ ಮೆಷಿನ್ ಲೈನಿಗೆ ಮಾತ್ರ ಹಾಕಲೇಬೇಡಿ.

ವೈರಿಂಗ್_ತುಮಕೂರು
ಇವರು ಹೇಳಿದ್ದು ಸರಿ. ವಾಷಿಂಗ್ ಮೆಷಿನ್ ಲೈನಿಗೆ ಯಾಕೆ ಬೇಡ ಅಂದ್ರೆ, ಮನೆಯ ವೈರಿಂಗ್ ಲೆಕ್ಕ ಹಾಕುವಾಗ ಎಲ್ಲವೂ ಒಟ್ಟಿಗೆ ಓಡಲ್ಲ ಅಂತಲೇ ಹಾಕಿರ್ತೀವಿ. ಗೀಸರ್ ಕಾಲು ಗಂಟೆ, ಇಸ್ತ್ರಿ ಹತ್ತು ನಿಮಿಷ, ಮಿಕ್ಸಿ ಎರಡು ನಿಮಿಷ. ಕಾರು ಹಾಗಲ್ಲ. 15 ಆಂಪ್‌ನ ಎಂಟು ಗಂಟೆ ಬಿಡದೆ ಎಳೆಯುತ್ತೆ. ಮನೆಯಲ್ಲಿ ಬೇರೆ ಯಾವ ವಸ್ತುವೂ ಹಂಗೆ ಎಳೆಯಲ್ಲ. ಹತ್ತು ನಿಮಿಷಕ್ಕೆ ಗೊತ್ತೇ ಆಗದ ಸಡಿಲ ಜಾಯಿಂಟು ಎಂಟು ಗಂಟೆಗೆ ಕರಗುತ್ತೆ.

ನಿಮಗೆ ಬೇಕಾದ ಸಾಮಾನು:

ಡಿಬಿಯಿಂದ ಕಾರಿಗೆ ಅಂತಲೇ ಒಂದು ಲೈನು. ನಡುವೆ ಇನ್ನೊಂದು ಪ್ಲಗ್ಗೂ ಬೇಡ, ಬಲ್ಬೂ ಬೇಡ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 4 ಸ್ಕ್ವೇರ್ ಎಂಎಂ ತಾಮ್ರ. 2.5 ತಡೆಯುತ್ತೆ ಅಂತಾರೆ, ಕಾಗದದ ಮೇಲೆ ತಡೆಯುತ್ತೆ ಕೂಡ. ಆದರೆ 22 ಮೀಟರ್‌ಗೆ 2.5ರಲ್ಲಿ 15 ಆಂಪ್ ಹೋದರೆ 6 ವೋಲ್ಟ್ ದಾರಿಯಲ್ಲೇ ಹೋಗುತ್ತೆ, 4ರಲ್ಲಿ ಮೂರೂವರೆ ಚಿಲ್ಲರೆ. ಅರ್ಥ್ ತಂತಿಯನ್ನು ಫೇಸಿನಷ್ಟೇ ದಪ್ಪ ಇಡಿ, ಅಲ್ಲಿ ಉಳಿಸೋಕೆ ಹೋಗಬೇಡಿ.

ಡಿಬಿಯಲ್ಲಿ 16 ಆಂಪ್, ಸಿ ಕರ್ವ್, 30 ಮಿಲಿ ಆಂಪ್, ಟೈಪ್ ಎ ಆರ್‌ಸಿಬಿಒ, ಎರಡು ಪೋಲಿನದು. ಅಂದ್ರೆ ಓವರ್‌ಲೋಡಿಗೂ ಸೋರಿಕೆಗೂ ಬಿದ್ದು, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಒಂದೇ ಸ್ವಿಚ್ಚು. ಅದು ಸಿಗದಿದ್ದರೆ ಓವರ್‌ಲೋಡಿಗೆ ಬೀಳುವ ಎಂಸಿಬಿ ಬೇರೆ, ಟೈಪ್ ಎ ಆರ್‌ಸಿಸಿಬಿ ಬೇರೆ. ಬರೀ ಆರ್‌ಸಿಸಿಬಿ ಹಾಕಿ ಸುಮ್ಮನಾಗಬೇಡಿ. ಅದು ಸೋರಿಕೆ ನೋಡುತ್ತೆ, ಓವರ್‌ಲೋಡ್ ನೋಡಲ್ಲ.

ಸಾಕೆಟ್ 16 ಆಂಪ್‌ನದು, ಒಳ್ಳೆ ಕಂಪನಿಯದು, ಹೊಸದು. ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರ. ಕಾರಿನ ಚಾರ್ಜಿಂಗ್ ಬಾಯಿಗೂ ಸಾಕೆಟ್ಟಿಗೂ 5 ಮೀಟರ್ ಒಳಗೆ ಇರಲಿ. ಈ 800, ಈ 5 ಮೀಟರ್, ಪ್ರತ್ಯೇಕ ಲೈನು, ಟೈಪ್ ಎಗೆ ಕಡಿಮೆಯಿಲ್ಲದ 30 ಮಿಲಿ ಆಂಪ್ ರಕ್ಷಣೆ, ಎಕ್ಸ್‌ಟೆನ್ಶನ್ ಬೋರ್ಡ್ ನಿಷೇಧ, ಇವೆಲ್ಲ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿಗೆ 2019ರಲ್ಲಿ ಸೇರಿಸಿದ ಅಂಶಗಳು. ಚಾರ್ಜಿಂಗ್ ಸ್ಟೇಷನ್ನಿಗೆ ಬರೆದದ್ದಾದರೂ ಮನೆಗೂ ಅದೇ ಅಳತೆ ಇಟ್ಟುಕೊಳ್ಳಿ.

ಪ್ರಶ್ನೆ_ಇದೆ
ಅಣ್ಣಾ, ಡಿಬಿಯಲ್ಲಿ ಆಗಲೇ ಮೇನ್ ಆರ್‌ಸಿಸಿಬಿ ಇದ್ದರೆ ಮತ್ತೊಂದು ಯಾಕೆ? ಟೈಪ್ ಎ ಅಂತ ಹೇಗೆ ಗುರುತು ಹಿಡಿಯೋದು? ಅಂಗಡಿಯವರು ಎಲ್ಲಾ ಒಂದೇ ಅಂತಾರೆ.

ವೈರಿಂಗ್_ತುಮಕೂರು
ಎಲ್ಲಾ ಒಂದೇ ಅಲ್ಲ. ಮುಖದ ಮೇಲೆ ಚಿಕ್ಕ ಚೌಕದಲ್ಲಿ ಗುರುತು ಇರುತ್ತೆ. ಬರೀ ಒಂದು ಅಲೆ ಇದ್ದರೆ ಟೈಪ್ ಎಸಿ. ಅಲೆಯ ಕೆಳಗೆ ಗೆರೆ ಹಾಕಿ ಎರಡು ಅರ್ಧ ಗುಡ್ಡ ಬರೆದಿದ್ದರೆ ಟೈಪ್ ಎ. ನಮ್ಮ ಮನೆಗಳಲ್ಲಿ ಇರೋದು ಬಹುಪಾಲು ಎಸಿ.

ಕಾರಿನೊಳಗಿರೋದು ಎಸಿಯನ್ನು ಡಿಸಿ ಮಾಡುವ ಯಂತ್ರ. ಅದರಲ್ಲಿ ಏನಾದರೂ ಕೆಟ್ಟರೆ ಸೋರುವ ಕರೆಂಟಿನಲ್ಲಿ ಡಿಸಿ ಅಂಶ ಇರಬಹುದು. ಆರ್‌ಸಿಸಿಬಿಯ ಒಳಗೆ ಒಂದು ಬಳೆ ಇರುತ್ತೆ, ಫೇಸ್ ನ್ಯೂಟ್ರಲ್ ಎರಡೂ ಅದರ ಮೂಲಕ ಹೋಗುತ್ತವೆ. ಡಿಸಿ ಹರಿದರೆ ಆ ಬಳೆ ಒಂದೇ ಕಡೆ ಕಾಂತವಾಗಿ ಜಡ್ಡುಗಟ್ಟುತ್ತೆ. ಆಮೇಲೆ ನಿಜವಾದ ಸೋರಿಕೆ ಬಂದರೂ ಟ್ರಿಪ್ ಆಗಲ್ಲ. ಟೆಸ್ಟ್ ಬಟನ್ ನಿನ್ನೆ ಕೆಲಸ ಮಾಡಿತ್ತು, ಇವತ್ತು ಬೇಕಾದಾಗ ಮಾಡಲಿಲ್ಲ ಅನ್ನೋ ಸ್ಥಿತಿ. ಟೈಪ್ ಎ 6 ಮಿಲಿ ಆಂಪ್ ಡಿಸಿವರೆಗೆ ತಡೆದುಕೊಂಡು ಕೆಲಸ ಮಾಡುತ್ತೆ. ಅದಕ್ಕಿಂತ ಹೆಚ್ಚಿನ ಡಿಸಿಯನ್ನು ಚಾರ್ಜರೇ ಹಿಡಿದು ಕಡಿಯಬೇಕು. ಗೋಡೆಯ ಬಾಕ್ಸ್ ಕೊಳ್ಳುವಾಗ 6 ಮಿಲಿ ಆಂಪ್ ಡಿಸಿ ಸೋರಿಕೆ ಪತ್ತೆ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಲೈನಿಗೆ ಟೈಪ್ ಬಿ ಹಾಕಬೇಕಾಗುತ್ತೆ, ಅದರ ಬೆಲೆ ತುಂಬಾ ಜಾಸ್ತಿ.

ಇದರಿಂದಲೇ ಎರಡನೇ ಮಾತು. ಕಾರಿನ ಲೈನನ್ನು ಮನೆಯ ಹಳೇ ಟೈಪ್ ಎಸಿ ಆರ್‌ಸಿಸಿಬಿಯ ಮೂಲಕ ತೆಗೆದುಕೊಳ್ಳಬೇಡಿ. 6 ಮಿಲಿ ಆಂಪ್ ಡಿಸಿ ಅದಕ್ಕೂ ಹೋಗಿ ಇಡೀ ಮನೆಯ ರಕ್ಷಣೆಯನ್ನೇ ಕುರುಡು ಮಾಡಬಹುದು. ಮೇನ್ ಐಸೊಲೇಟರ್ (ಇಡೀ ಮನೆಯ ಮೇನ್ ಸ್ವಿಚ್ಚು) ಆದ ಮೇಲೆ ಎರಡು ಕವಲು ಮಾಡಿ: ಒಂದು ಮನೆಯ ಆರ್‌ಸಿಸಿಬಿಗೆ, ಇನ್ನೊಂದು ಕಾರಿನ ಆರ್‌ಸಿಬಿಒಗೆ. ನ್ಯೂಟ್ರಲ್ ತಂತಿಗಳು ಸೇರುವ ನ್ಯೂಟ್ರಲ್ ಲಿಂಕೂ ಬೇರೆ ಬೇರೆ. ಕಾರಿನ ನ್ಯೂಟ್ರಲ್ಲನ್ನು ಮನೆಯ ಲಿಂಕಿಗೆ ಕಟ್ಟಿದರೆ ಪ್ಲಗ್ ಹಾಕಿದ ಕ್ಷಣ ಎರಡೂ ಟ್ರಿಪ್. ಇನ್ವರ್ಟರ್ ಇರುವ ಮನೆಗಳಲ್ಲಿ ಈ ತಪ್ಪು ಬಹಳ. ಕಾರಿನ ಲೈನಿಗೆ ಇನ್ವರ್ಟರ್ ತಂತಿ ಸೋಕಲೂ ಬಾರದು.

ಕಲಬುರಗಿ_ಬಿಸಿಲು
ನಮ್ಮ ಕಡೆ ಬ್ಯಾಸಿಗ್ಯಾಗ 42, 43 ಡಿಗ್ರಿ ಅದರೀ. ಮ್ಯಾಲ ಗ್ವಾಡಿಗೆ ಬಿಸಲು ಹೊಡಿತದ. 32 ಆಂಪ್ ಚಾರ್ಜರ್‌ಗೆ 6 ಸ್ಕ್ವೇರ್ ತಂತಿ, 40 ಆಂಪ್ ಎಂಸಿಬಿ ಹಾಕ್ರಿ ಅಂತ ಹಚ್ಚಾಕ ಬಂದವರು ಹೇಳ್ಯಾರ. ಹಾಕಬೇಕೋ ಬ್ಯಾಡೋ?

ಲೋಡ್_ಲೆಕ್ಕ
ಬೇಡ ಸರ್. ಇದು ಬಹಳ ಕಡೆ ಆಗುತ್ತಿರುವ ತಪ್ಪು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಎಂಸಿಬಿ ಇರುವುದು ತಂತಿಯನ್ನು ಕಾಯಲು. ಹಾಗಾಗಿ ಮೂರು ಸಂಖ್ಯೆ ಏರುತ್ತಾ ಹೋಗಬೇಕು: ಕಾರು ಎಳೆಯುವ ಕರೆಂಟು, ಅದಕ್ಕಿಂತ ಕಡಿಮೆಯಿಲ್ಲದ ಎಂಸಿಬಿ, ಅದಕ್ಕಿಂತ ಕಡಿಮೆಯಿಲ್ಲದ ತಂತಿಯ ತಾಳಿಕೆ. ಗೋಡೆಯ ಪೈಪಿನಲ್ಲಿ ಹೋಗುವ ಪಿವಿಸಿ ತಾಮ್ರದ ತಂತಿಗೆ, 30 ಡಿಗ್ರಿಯಲ್ಲಿ, ತಾಳಿಕೆ ಹೀಗಿದೆ: 2.5ಕ್ಕೆ 24 ಆಂಪ್, 4ಕ್ಕೆ 32, 6ಕ್ಕೆ 41, 10ಕ್ಕೆ 57. ಸುತ್ತಲಿನ ಗಾಳಿ 40 ಡಿಗ್ರಿಯಾದರೆ ಇದನ್ನು 0.87ರಿಂದ ಗುಣಿಸಬೇಕು, 45 ಡಿಗ್ರಿಗೆ 0.79ರಿಂದ.

ನಿಮ್ಮ ಊರಿನ 45 ಡಿಗ್ರಿ ಗೋಡೆಯಲ್ಲಿ 6 ಸ್ಕ್ವೇರ್ ತಾಳುವುದು 32 ಆಂಪ್ ಮಾತ್ರ. ಅದಕ್ಕೆ 40 ಆಂಪ್ ಎಂಸಿಬಿ ಹಾಕಿದರೆ ತಂತಿ ಬೆಂದರೂ ಎಂಸಿಬಿ ಸುಮ್ಮನಿರುತ್ತದೆ. ಸರಿ, 32 ಆಂಪ್ ಎಂಸಿಬಿಯನ್ನೇ ಹಾಕೋಣ ಅಂದರೆ ಅದು ಲೆಕ್ಕ ಹಾಕಿರುವುದು 30 ಡಿಗ್ರಿಗೆ. ಮುಚ್ಚಿದ ಡಿಬಿಯೊಳಗೆ ಸೆಕೆಯಲ್ಲಿ ಒಂದೆರಡು ಗಂಟೆಗೆ ಬಿದ್ದುಬಿಡುತ್ತದೆ. ಆಗ ಜನ ಮಾಡುವುದೇನು? ಎಂಸಿಬಿಯನ್ನು 40 ಮಾಡುತ್ತಾರೆ, ತಂತಿಯನ್ನು ಹಾಗೇ ಬಿಡುತ್ತಾರೆ. ಅಲ್ಲಿಗೆ ಅಪಾಯ ಪೂರ್ತಿಯಾಯಿತು.

ಹಾಗಾಗಿ 32 ಆಂಪ್ ಚಾರ್ಜರ್ ಅಂದರೆ 10 ಸ್ಕ್ವೇರ್ ತಾಮ್ರ, 40 ಆಂಪ್ ಎಂಸಿಬಿ. 45 ಡಿಗ್ರಿಯಲ್ಲೂ 10 ಸ್ಕ್ವೇರ್ 45 ಆಂಪ್ ತಾಳುತ್ತದೆ, ಲೆಕ್ಕ ಕೂಡುತ್ತದೆ. 6 ಸ್ಕ್ವೇರ್ ಆಗಲೇ ಗೋಡೆಯೊಳಗೆ ಹೋಗಿಬಿಟ್ಟಿದ್ದರೆ ಬಾಕ್ಸಿನ ಕರೆಂಟನ್ನು 25 ಆಂಪ್‌ಗೆ ಇಳಿಸಿ, 32 ಆಂಪ್ ಎಂಸಿಬಿ ಇಡಿ. ಇಳಿಸುವ ಸೌಲಭ್ಯ ಸಾಕಷ್ಟು ಬಾಕ್ಸ್‌ಗಳಲ್ಲಿ ಒಳಗಿನ ಚಿಕ್ಕ ಸ್ವಿಚ್ಚುಗಳಲ್ಲೋ ಆ್ಯಪ್‌ನಲ್ಲೋ ಇರುತ್ತದೆ. ಡಿಬಿಯಲ್ಲಿ ಆ ಎಂಸಿಬಿಯ ಅಕ್ಕಪಕ್ಕ ಒಂದೊಂದು ಜಾಗ ಖಾಲಿ ಬಿಡಿ, ನೆರೆಯ ಎಂಸಿಬಿಯ ಶಾಖವೂ ಸೇರಿಕೊಳ್ಳುತ್ತದೆ.

ಡಲ್ಲಾಸ್_ಕನ್ನಡಿಗ
32ಕ್ಕೆ 40 ಎನ್ನುವುದು ಇಲ್ಲಿನ ವಿಡಿಯೊಗಳಿಂದ ಬಂದಿರಬೇಕು. ಅಮೆರಿಕದ ಕೋಡ್‌ನಲ್ಲಿ ಮೂರು ಗಂಟೆಗಿಂತ ಹೆಚ್ಚು ಓಡುವ ಲೋಡಿಗೆ ಬ್ರೇಕರ್ 125 ಪ್ರತಿಶತ ಇರಬೇಕು, ಆದ್ದರಿಂದ 32 ಆಂಪ್ ಕಾರಿಗೆ 40ರ ಬ್ರೇಕರ್. ಆದರೆ ಇಲ್ಲಿ ತಂತಿಯನ್ನೂ ಅದೇ 40ಕ್ಕೆ ತಕ್ಕಂತೆ ಆರಿಸುತ್ತಾರೆ. ಅರ್ಧ ನಿಯಮ ಮಾತ್ರ ಊರಿಗೆ ಬಂದಿದೆ. ಜೊತೆಗೆ ಇಲ್ಲಿನ 240 ವೋಲ್ಟ್ ಅಂದರೆ ತಲಾ 120ರ ಎರಡು ಬಿಸಿ ತಂತಿ, ಊರಿನಂತೆ ಫೇಸ್ ಮತ್ತು ನ್ಯೂಟ್ರಲ್ ಅಲ್ಲ. ಇಲ್ಲಿನ ಚಾರ್ಜರ್ ತೆಗೆದುಕೊಂಡು ಹೋಗಿ ಅಲ್ಲಿ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಕಾರಿನ ಬಾಯಿಯೇ ಬೇರೆ, ಊರಲ್ಲಿ ಟೈಪ್ 2 ಎಂಬ ಆಕಾರದ್ದು.

ಅರ್ಥಿಂಗ್_ಮಾಸ್ತರ್
ಇಲ್ಲಿಯವರೆಗೆ ತಂತಿಯ ಮಾತಾಯಿತು. ಕಾರು ಬಂದ ಮೊದಲ ದಿನ ಕೆಂಪು ದೀಪ ಹತ್ತುವುದು ಬಹುತೇಕ ತಂತಿಗಲ್ಲ, ಅರ್ಥಿಂಗಿಗೆ. ಅದಕ್ಕೇ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಮ್ಮ ಹೆಚ್ಚಿನ ಬಿಡಿ ಮನೆಗಳಲ್ಲಿ ಕಂಬದಿಂದ ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಬರುತ್ತದೆ. ಅರ್ಥ್ ನಮ್ಮದೇ, ಅಂಗಳದ ಗುಂಡಿಯದು. ಟ್ರಾನ್ಸ್‌ಫಾರ್ಮರ್‌ನ ಅರ್ಥಿಗೂ ನಮ್ಮ ಅರ್ಥಿಗೂ ನಡುವೆ ಇರುವುದು ಬರೀ ಮಣ್ಣು. ನಿಮ್ಮ ಗುಂಡಿ ಚೆನ್ನಾಗಿದ್ದು ಒಟ್ಟು ದಾರಿ 5 ಓಮ್ ಇದೆ ಎನ್ನಿ. ಕಾರಿನ ಮೈಗೆ ಫೇಸ್ ತಗುಲಿತು. ಹರಿಯುವ ಕರೆಂಟು 230 ಭಾಗಿಸು 5, ಅಂದರೆ 46 ಆಂಪ್. 32 ಆಂಪ್ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 160ರಿಂದ 320 ಆಂಪ್ ಬೇಕು. 46ಕ್ಕೆ ಅದು ನಿಧಾನವಾಗಿ ಬಿಸಿಯಾಗಿ, ನಿಮಿಷಗಟ್ಟಲೆ ಆದಮೇಲೆ ಬೀಳುತ್ತದೆ. ಅಷ್ಟು ಹೊತ್ತೂ ಕಾರಿನ ಮೈಯಲ್ಲಿ ಕರೆಂಟು ಇರುತ್ತದೆ. ಒಳ್ಳೆಯ ಅರ್ಥಿಂಗ್ ಇದೆ, ಎಂಸಿಬಿ ಇದೆ, ಆರ್‌ಸಿಸಿಬಿ ಯಾಕೆ ಅನ್ನುವವರಿಗೆ ಇದೇ ಉತ್ತರ. 30 ಮಿಲಿ ಆಂಪ್ ಆರ್‌ಸಿಸಿಬಿಗೆ ಅದೇ 46 ಆಂಪ್ ಸಾವಿರ ಪಟ್ಟಿಗಿಂತ ಹೆಚ್ಚು, ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ.

ಗುಂಡಿ ಹೇಗಿರಬೇಕು? 40 ಮಿಲಿಮೀಟರ್ ಜಿಐ ಪೈಪ್ ಎರಡೂವರೆ ಮೀಟರ್ ಆಳಕ್ಕೆ, ಇಲ್ಲವೇ ತಾಮ್ರ ಲೇಪದ 17 ಮಿಲಿಮೀಟರ್ ರಾಡ್ 3 ಮೀಟರ್ ಆಳಕ್ಕೆ. ಇದ್ದಿಲು ಉಪ್ಪು ಹಾಕುವ ಹಳೇ ಪದ್ಧತಿಯೂ ಕೆಲಸ ಮಾಡುತ್ತದೆ, ಆದರೆ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ ಪುಡಿ ತುಂಬಿದ ಗುಂಡಿಗೆ ಆರೈಕೆ ಕಡಿಮೆ. ಒಂದು ಸಾಲದಿದ್ದರೆ ಎರಡನೆಯದನ್ನು ರಾಡಿನ ಉದ್ದದ ಎರಡು ಪಟ್ಟು ದೂರದಲ್ಲಿ ಹಾಕಿ ಎರಡನ್ನೂ ಕೂಡಿಸಿ. ಪಕ್ಕಪಕ್ಕದಲ್ಲೇ ಎರಡು ತೋಡಿದರೆ ಒಂದೂವರೆಯಷ್ಟೂ ಲಾಭವಿಲ್ಲ. ಅರ್ಥ್ ಟೆಸ್ಟರ್ ತರಿಸಿ ಅಳೆಸಿ, 5 ಓಮ್ ಒಳಗೆ ಬಂದರೆ ನೆಮ್ಮದಿ. ಮಳೆಗಾಲದಲ್ಲಿ ಅಳೆದು ಖುಷಿಪಡಬೇಡಿ, ಏಪ್ರಿಲ್‌ನಲ್ಲಿ ಅಳೆಯಿರಿ.

ಇನ್ನು ಒಂದು ವಿಷಯವನ್ನು ಕೈ ಮುಗಿದು ಹೇಳುತ್ತೇನೆ. ಚಾರ್ಜರ್ ಅರ್ಥ್ ಇಲ್ಲ ಎಂದು ಕೆಂಪು ತೋರಿಸಿದಾಗ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿ ಹಸಿರು ಮಾಡಿಕೊಡುವವರಿದ್ದಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಯಾವತ್ತಾದರೂ ಆ ನ್ಯೂಟ್ರಲ್ ಹಿಂದೆಲ್ಲೋ ಕಳಚಿದರೆ 230 ವೋಲ್ಟ್ ನೇರವಾಗಿ ಕಾರಿನ ಮೈಗೆ ಬರುತ್ತದೆ. ಆ ಸಾಕೆಟ್ಟಿನ ಲೈನಿಗೆ ಆರ್‌ಸಿಸಿಬಿ ಇದ್ದರೆ ಅದು ಬಿದ್ದು ನಿಮ್ಮನ್ನು ಉಳಿಸೀತು, ಆದರೆ ಇಂಥ ಕೆಲಸ ಮಾಡುವವರು ಅದನ್ನೂ ತೆಗೆದಿಟ್ಟಿರುತ್ತಾರೆ. ಒದ್ದೆ ಕಾಲಲ್ಲಿ ಮಗು ಬಾಗಿಲು ಹಿಡಿದರೆ ಸಾಕು. ಯಾರೇ ಹೇಳಿದರೂ ಇದನ್ನು ಮಾಡಿಸಬೇಡಿ.

ಕುಂದಾಪುರ_ಕಡಲು
ಮಾಸ್ತರ್ರೇ, ನಮ್ಮ ಬದಿಗೆ ಗುಡುಗು ಸಿಡಿಲಿನ ಕಾಟ ಹೆಚ್ಚು. ಕಡಲ ಗಾಳಿಗೆ ಅರ್ಥ್ ಪಟ್ಟಿಯ ಬೋಲ್ಟು ಎರಡೇ ವರ್ಷಕ್ಕೆ ತುಕ್ಕು. ಏನು ಮಾಡುದು?

ಅರ್ಥಿಂಗ್_ಮಾಸ್ತರ್
ಕರಾವಳಿ, ಮಲೆನಾಡು ಎರಡಕ್ಕೂ ಡಿಬಿಯ ಒಳಬರುವ ಕಡೆ ಟೈಪ್ 2 ಸರ್ಜ್ ರಕ್ಷಕ ಹಾಕಿ, ಎಸ್‌ಪಿಡಿ ಅಂತ ಕೇಳಿ. ನಿಮ್ಮದು ಕಂಬದ ಲೈನು ಮತ್ತು ಸ್ವಂತ ಅರ್ಥ್ ಆದ್ದರಿಂದ ಫೇಸಿಗೆ ಒಂದು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದು, ಹೀಗೆ ಜೋಡಿಯಾಗಿ ಬರುವುದನ್ನೇ ತನ್ನಿ. ಅದರಿಂದ ಅರ್ಥ್ ಬಾರಿಗೆ ಹೋಗುವ ತಂತಿ ಅರ್ಧ ಮೀಟರ್ ಮೀರದಂತೆ, ನೆಟ್ಟಗೆ, ಸುರುಳಿ ಸುತ್ತದೆ ಹೋಗಲಿ. ಎಸ್‌ಪಿಡಿಯ ಚಿಕ್ಕ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಅದು ಸಿಡಿಲು ನುಂಗಿ ಸತ್ತಿದೆ, ಬದಲಿಸಿ. ಅಷ್ಟಾದರೂ ಸಿಡಿಲು ಶುರುವಾದರೆ ಪ್ಲಗ್ ಕೀಳುವುದೇ ಭದ್ರ.

ತುಕ್ಕಿಗೆ ತವರ ಲೇಪದ ತಾಮ್ರದ ಲಗ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಸ್ಟೇನ್‌ಲೆಸ್ ಬೋಲ್ಟು, ಮೇಲೆ ಗ್ರೀಸು. ಸಾಕೆಟ್ ಬಯಲಲ್ಲಿದ್ದರೆ ಮುಚ್ಚಳವಿರುವ, ನೀರು ಧೂಳು ತಡೆಯುವ ಐಪಿ 55ರದ್ದು. ಪೈಪ್ ಕೆಳಗಿನಿಂದ ಡಬ್ಬಿಗೆ ಬರಲಿ, ಮೇಲಿನಿಂದ ಬಂದರೆ ಮಳೆನೀರು ತಂತಿ ಹಿಡಿದು ಒಳಗಿಳಿಯುತ್ತದೆ.

ಪ್ರಶ್ನೆ_ಇದೆ
ಪ್ಲಗ್ ಕರಗೋದು ಯಾಕೆ? ಹೊಸ ಸಾಕೆಟ್ಟೇ ಕರಗಿದ್ದು ಎರಡು ಕಡೆ ನೋಡಿದೆ. ತಂತಿ ಮಾತ್ರ ಚೆನ್ನಾಗಿತ್ತು.

ವೈರಿಂಗ್_ತುಮಕೂರು
ಕರಗಿದ ಸಾಕೆಟ್ ಬಿಚ್ಚಿ ನೋಡಿ, ಮೂರೂ ತೂತು ಕಪ್ಪಾಗಿರಲ್ಲ. ಒಂದೇ ತೂತು, ಅದೂ ಒಂದು ಪಕ್ಕ ಮಾತ್ರ ಕಂದು. ಹಿಂದೆ ತಿರುಗಿಸಿದರೆ ಅದೇ ಟರ್ಮಿನಲ್ಲಿನ ತಂತಿಯ ಸಿಪ್ಪೆ ಒಂದಿಂಚು ಗಟ್ಟಿಯಾಗಿ ಬಿಸ್ಕತ್ತಿನಂತೆ ಮುರಿಯುತ್ತೆ. ಅಲ್ಲಿ ಸ್ಕ್ರೂ ಸಡಿಲ ಇತ್ತು ಅಥವಾ ಒಳಗಿನ ಹಿತ್ತಾಳೆ ಪಟ್ಟಿಯ ಹಿಡಿತ ಹೋಗಿತ್ತು. 0.1 ಓಮ್ ಹಾಳು ಸಂಪರ್ಕ ಸಾಕು. 15 ಆಂಪ್‌ನ ವರ್ಗ 225, ಅದರ ಹತ್ತನೇ ಒಂದು ಭಾಗ ಇಪ್ಪತ್ತೆರಡೂವರೆ ವ್ಯಾಟ್. ಬೆಸುಗೆ ಹಾಕೋ ಐರನ್ನಿನಷ್ಟು ಶಾಖ, ಕಡಲೆಕಾಳು ಗಾತ್ರದ ಜಾಗದಲ್ಲಿ, ಎಂಟು ಗಂಟೆ.

ಎಂಸಿಬಿಗೆ ಇದು ಗೊತ್ತೇ ಆಗಲ್ಲ. ಕರೆಂಟು 15 ಆಂಪೇ ತಾನೇ! ಆರ್‌ಸಿಸಿಬಿಗೂ ಗೊತ್ತಾಗಲ್ಲ, ಸೋರಿಕೆ ಇಲ್ಲ. ಆದ್ದರಿಂದ ಇದನ್ನು ಕೈಕೆಲಸದಲ್ಲೇ ತಡೀಬೇಕು. ಎಳೆ ಎಳೆ ತಂತಿಯ ತುದಿಗೆ ಲಗ್ ಅಥವಾ ಫೆರುಲ್ ಹಾಕಿ ಕ್ರಿಂಪ್ ಮಾಡಿ, ಬರೀ ತಿರುಚಿ ಸ್ಕ್ರೂ ಕೆಳಗೆ ತುರುಕಬೇಡಿ. ಬಿಸಿ ಆಗಿ ತಣ್ಣಗಾಗಿ ಎಳೆಗಳು ಕೂರುತ್ತವೆ, ಸ್ಕ್ರೂ ಸಡಿಲ ಬೀಳುತ್ತೆ. ಒಂದು ತಿಂಗಳಾದ ಮೇಲೆ ಮೇನ್ ಆಫ್ ಮಾಡಿ ಡಿಬಿ, ಸಾಕೆಟ್ ಎರಡರ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿಸಿ. ದಿನಾ ಪ್ಲಗ್ ಕಿತ್ತು ಹಾಕಬೇಡಿ, ಗೋಡೆ ಕಡೆ ಚುಚ್ಚಿಯೇ ಇರಲಿ, ಕಾರಿನ ಕಡೆ ಮಾತ್ರ ಕೀಳಿ. ಸಾಕೆಟ್ಟಿನ ಸ್ವಿಚ್ಚನ್ನು ಚಾರ್ಜ್ ನಡೆಯುವಾಗ ಆರಿಸಬೇಡಿ, ಮೊದಲು ಕಾರಿನಲ್ಲೇ ನಿಲ್ಲಿಸಿ. ಮೊದಲ ವಾರ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕೆ ಆಗದಿದ್ದರೆ ಅವತ್ತೇ ನಿಲ್ಲಿಸಿ.

16 ಆಂಪ್ ಎಂಸಿಬಿ ಬಿದ್ದರೂ ಹಂಗೇ, 20 ಹಾಕೋಕೆ ಓಡಬೇಡಿ. ಮೊದಲು ಅದರ ಟರ್ಮಿನಲ್ ಬಿಸಿ ಇದೆಯಾ ನೋಡಿ.

ಅಪಾರ್ಟ್‌ಮೆಂಟ್_ಕಾರ್ಯದರ್ಶಿ
ಬೆಂಗಳೂರು, 48 ಮನೆ. ಮೀಟರ್ ರೂಮಿನಿಂದ ನೆಲಮಾಳಿಗೆಯ ಪಾರ್ಕಿಂಗಿಗೆ 60 ಮೀಟರ್. ಒಬ್ಬೊಬ್ಬರೂ ತಮ್ಮ ಮೀಟರಿನಿಂದ ಲೈನ್ ಕೇಳುತ್ತಿದ್ದಾರೆ. ಏನು ನಿಯಮ ಇಟ್ಟರೆ ಒಳ್ಳೆಯದು?

ಲೋಡ್_ಲೆಕ್ಕ
ಅವರವರ ಮೀಟರಿನಿಂದಲೇ ಬರಲಿ ಸರ್, ಬಿಲ್ಲಿನ ಜಗಳ ಇರುವುದಿಲ್ಲ. ಮನೆಯ ಹಾಲಿ ಸಂಪರ್ಕದಿಂದಲೇ ಸ್ವಂತ ವಾಹನ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲಿ ಅವಕಾಶವಿದೆ. ನೀವು ನೋಡಬೇಕಾದದ್ದು ಕೇಬಲ್ ಮತ್ತು ಒಟ್ಟು ಲೋಡ್.

60 ಮೀಟರ್‌ಗೆ 32 ಆಂಪ್ ಹೋಗುವಾಗ 6 ಸ್ಕ್ವೇರ್‌ನಲ್ಲಿ 14 ವೋಲ್ಟ್ ಬೀಳುತ್ತದೆ, 10ರಲ್ಲಿ ಎಂಟೂವರೆ, 16ರಲ್ಲಿ ಐದೂವರೆ ಸುಮಾರು. 14 ವೋಲ್ಟ್ ಗುಣಿಸು 32 ಅಂದರೆ 450 ವ್ಯಾಟ್ ಬರೀ ಕೇಬಲ್ ಕಾಯಿಸಲು ಹೋಗುತ್ತದೆ. 10ಕ್ಕಿಂತ ಕಡಿಮೆ ಒಪ್ಪಬೇಡಿ. 15 ಆಂಪ್ ಪಾಯಿಂಟಿಗಾದರೆ 6 ಸ್ಕ್ವೇರ್, ಆರೂವರೆ ವೋಲ್ಟ್ ಬೀಳುತ್ತದೆ, ಪರವಾಗಿಲ್ಲ. ಆರ್ಮರ್ಡ್ ಕೇಬಲ್, ಟ್ರೇ ಮೇಲೆ, ಒಂದರ ಮೇಲೊಂದು ಕಟ್ಟು ಕಟ್ಟದೆ. ಹತ್ತು ಕೇಬಲ್ ಒತ್ತಿ ಕಟ್ಟಿದರೆ ನಡುವಿನದರ ತಾಳಿಕೆ ಅರ್ಧದ ಹತ್ತಿರ ಬರುತ್ತದೆ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಫ್ಲ್ಯಾಟ್ ನಂಬರ್ ಬರೆದ ತಗಡು ಕಟ್ಟಿಸಿ. ಎಂಸಿಬಿ ಮೀಟರ್ ರೂಮಿನಲ್ಲಿ, ಟೈಪ್ ಎ ಆರ್‌ಸಿಬಿಒ ಪಾರ್ಕಿಂಗಿನ ಹತ್ತಿರ. ಬಿದ್ದಾಗ ಎತ್ತಲು ಮೇಲೆ ಓಡಬೇಕಾಗಿಲ್ಲ.

ಒಟ್ಟು ಲೋಡ್: 48 ಮನೆಯೂ 7.2 ಹಾಕಿದರೆ 345 ಕಿಲೋವ್ಯಾಟ್. ನಿಮ್ಮ ಟ್ರಾನ್ಸ್‌ಫಾರ್ಮರ್ ಅದಕ್ಕೆ ಮಾಡಿದ್ದಲ್ಲ. ಎಲ್ಲರಿಗೂ 3.3 ಎಂದರೆ 158. ಈಗಲೇ ಸಭೆಯಲ್ಲಿ ಎಲ್ಲರಿಗೂ 15 ಆಂಪ್ ಎಂದು ತೀರ್ಮಾನ ಮಾಡಿಬಿಟ್ಟರೆ ಮುಂದೆ ಮೊದಲು ಬಂದವರಿಗೆ ಮಾತ್ರ ಎಂಬ ಮನಸ್ತಾಪ ಬರುವುದಿಲ್ಲ. ಫೇಸುಗಳನ್ನು ಸಮ ಹಂಚಿ. ಡೀಸೆಲ್ ಜನರೇಟರ್ ಕಡೆಗೆ ಕಾರಿನ ಲೈನು ಹೋಗದಂತೆ ನೋಡಿಕೊಳ್ಳಿ.

ಮೈಸೂರು_ಕಾರ್‌ಶೆಡ್
ಎಲ್ಲರಿಗೂ ಧನ್ಯವಾದ. 3.3ರ ಪೋರ್ಟಬಲ್ಲೇ ಅಂತ ತೀರ್ಮಾನಿಸಿದೆ. 3 ಕಿಲೋವ್ಯಾಟ್ ಸ್ಯಾಂಕ್ಷನ್ ಲೋಡಿಗೆ ಏನು ಮಾಡಲಿ? ಗೃಹಜ್ಯೋತಿ ಇದೆ ಮನೆಗೆ, ಅದು ಹೋಗುತ್ತಾ?

ಬಿಲ್_ನೋಡಿ
ಸ್ಯಾಂಕ್ಷನ್ ಲೋಡ್ ಏರಿಸಿಕೊಳ್ಳಿ ಸರ್. ಕಾರು ಒಂದೇ 3.3, ಜೊತೆಗೆ ಫ್ರಿಜ್, ಪಂಪು, ಗೀಸರ್. ನಿಮ್ಮ ಎಸ್ಕಾಂನ ಉಪವಿಭಾಗದ ಕಚೇರಿಗೆ ಆರ್‌ಆರ್ ನಂಬರ್ ಕೊಟ್ಟು ಹೆಚ್ಚುವರಿ ಲೋಡಿಗೆ ಅರ್ಜಿ, ಲೈಸೆನ್ಸ್ ಇರುವ ಗುತ್ತಿಗೆದಾರರ ಕಂಪ್ಲೀಷನ್ ರಿಪೋರ್ಟ್ ಜೊತೆ. ಪ್ರತಿ ಕಿಲೋವ್ಯಾಟಿಗೆ ನಿಗದಿತ ಶುಲ್ಕ ಏರುತ್ತದೆ, ಅದು ಗೊತ್ತಿರಲಿ. ಹೋಗುವ ಮೊದಲು ಮೀಟರಿನ ಮುಖ ನೋಡಿ. 5-30 ಆಂಪ್ ಅಂತಿದ್ದರೆ ಅದರ ಮಿತಿ 30 ಆಂಪ್. 15 ಆಂಪ್ ಕಾರು ಮತ್ತು 2 ಕಿಲೋವ್ಯಾಟ್ ಗೀಸರ್ ಒಟ್ಟಿಗೆ ಬಂದರೆ ಅಲ್ಲಿಗೇ 24. 10-60 ಇದ್ದರೆ ಆರಾಮ.

ಗೃಹಜ್ಯೋತಿ: ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ನಿಮಗೆ ನಿಗದಿಯಾದ ಯುನಿಟ್ ಇದೆ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ಕಟ್ಟಬೇಕು. 200 ದಾಟಿದ ತಿಂಗಳು ಪೂರ್ತಿ ಬಿಲ್. ಕಾರು ದಿನಕ್ಕೆ 6ರಂತೆ ತಿಂಗಳಿಗೆ 180 ಯುನಿಟ್. ಮನೆಯದು 60 ಇದ್ದರೂ 240. ದಾಟುತ್ತದೆ ಎಂದೇ ಲೆಕ್ಕ ಹಾಕಿ. ಕಾರಿಗೇ ಬೇರೆ ಮೀಟರ್ ಕೇಳುವ ದಾರಿಯೂ ಇದೆ. ಆಗ ಮನೆಯ ಯುನಿಟ್ ಬೇರೆ, ಕಾರಿನದು ಬೇರೆ. ಅಂದಿನ ದರಪಟ್ಟಿ ಇಟ್ಟುಕೊಂಡು ಎರಡನ್ನೂ ಕೂಡಿಸಿ ನೋಡಿ.

ಕಲಬುರಗಿ_ಬಿಸಿಲು
ನಮ್ಮಲ್ಲಿ ಮೂರು ಫೇಸ್ ಅದ, ಮ್ಯಾಲ ತಿರುವೋ ಫೇಸ್ ಸೆಲೆಕ್ಟರ್ ಅದ. ಕಾರಿನ ಲೈನ್ ಅದರ ಹಿಂದ ಕೊಡಬಹುದೇನ್ರಿ?

ವೈರಿಂಗ್_ತುಮಕೂರು
ಬ್ಯಾಡ್ರಿ. ಒಂದು ಫೇಸ್ ಹೋದಾಗ ತಿರುಗಿಸಿದರೆ ಮನೆಯ ಲೋಡ್ ಎಲ್ಲ ಒಂದೇ ಫೇಸಿಗೆ ಬಂದು ಕಾರಿನ 32 ಆಂಪ್ ಮೇಲೆ ಕೂರುತ್ತೆ. ಕಾರು ಓಡುವಾಗಲೇ ತಿರುಗಿಸಿದರೆ ಸೆಲೆಕ್ಟರಿನ ತುದಿಗಳು ಕಿಡಿ ಹಾರಿ ಸುಡುತ್ತವೆ. ಕಾರಿಗೆ ಒಂದು ಫೇಸ್ ಗಟ್ಟಿಯಾಗಿ ಕೊಡಿ, ಅದರ ಮೇಲೆ ಬೇರೆ ದೊಡ್ಡ ಲೋಡ್ ಇಡಬೇಡಿ. ಮೂರು ಫೇಸ್ ಮನೆಗೆ ಇನ್ನೊಂದು ಭಯ ನ್ಯೂಟ್ರಲ್ ಕಳಚೋದು. ಆಗ ಒಂದು ಫೇಸಿನಲ್ಲಿ ವೋಲ್ಟೇಜು 400ರ ಹತ್ತಿರಕ್ಕೂ ಏರಬಹುದು. ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಎರಡನ್ನೂ ಕಡಿಯುವ ರಿಲೇ ಒಂದು ಕಾರಿನ ಲೈನಿಗೆ ಹಾಕಿಸಿ.

ಮೈಸೂರು_ಕಾರ್‌ಶೆಡ್
ಲೈನ್ ಎಳೆದಾಯಿತು. 4 ಸ್ಕ್ವೇರ್, 16 ಆಂಪ್ ಟೈಪ್ ಎ ಆರ್‌ಸಿಬಿಒ, ಹೊಸ ಗುಂಡಿ 3.2 ಓಮ್. ಆದರೂ ಹತ್ತು ಹದಿನೈದು ನಿಮಿಷ ಚಾರ್ಜ್ ಆಗಿ ಅರ್ಥ್ ತೊಂದರೆ ಅಂತ ನಿಲ್ಲುತ್ತಿದೆ. ಸಾಕೆಟ್ಟಿನಲ್ಲಿ ಅಳತೆ, ಲೋಡ್ ಇಲ್ಲದೆ: ಫೇಸ್-ನ್ಯೂಟ್ರಲ್ 234, ನ್ಯೂಟ್ರಲ್-ಅರ್ಥ್ 0.8. ಕಾರು 15 ಆಂಪ್ ಎಳೆಯುವಾಗ: 219 ಮತ್ತು 10.2.

ಅರ್ಥಿಂಗ್_ಮಾಸ್ತರ್
ಅರ್ಥ್ ಚೆನ್ನಾಗಿದೆ, ನ್ಯೂಟ್ರಲ್ ಕೆಟ್ಟಿದೆ. ಅರ್ಥ್ ತಂತಿಯಲ್ಲಿ ಕರೆಂಟು ಹರಿಯುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ನ್ಯೂಟ್ರಲ್ಲಿನಲ್ಲಿ 15 ಆಂಪ್ ವಾಪಸ್ ಹೋಗುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಬೀಳುತ್ತದೋ ಅಷ್ಟು ನಿಮಗೆ ನ್ಯೂಟ್ರಲ್-ಅರ್ಥ್ ನಡುವೆ ಕಾಣುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕು ಎನ್ನುವುದು ಒಂದೊಂದು ಚಾರ್ಜರಿಗೂ ಬೇರೆ, ನಿಮ್ಮದಕ್ಕೆ ಹತ್ತು ಜಾಸ್ತಿಯಾಗಿದೆ. ನಿಮ್ಮ ಹೊಸ 22 ಮೀಟರ್‌ನ ಪಾಲು ನ್ಯೂಟ್ರಲ್ ಒಂದರಲ್ಲಿ 1.8 ವೋಲ್ಟ್ ಅಷ್ಟೇ. ಉಳಿದದ್ದು ಹಿಂದೆ ಎಲ್ಲೋ ಬೀಳುತ್ತಿದೆ. ಕಾರು ಓಡುತ್ತಿರುವಾಗಲೇ ಎಲೆಕ್ಟ್ರಿಷಿಯನ್ ಕೈಲಿ ಡಿಬಿಯ ಒಳಬರುವಲ್ಲಿ, ಆಮೇಲೆ ಮೀಟರಿನ ಹೊರಹೋಗುವಲ್ಲಿ ಇದೇ ಎರಡು ಅಳತೆ ತೆಗೆಸಿ. ಎಲ್ಲಿ ಅಂಕಿ ಜಿಗಿಯುತ್ತದೋ ಅಲ್ಲೇ ಕಳ್ಳ.

ಮೈಸೂರು_ಕಾರ್‌ಶೆಡ್
ಡಿಬಿಯಲ್ಲಿ 222.5 ಮತ್ತು 8.4. ಮೀಟರ್ ಹೊರಗೆ 229 ಮತ್ತು 2.8. ನಡುವೆ ಇರುವುದು 8 ಮೀಟರ್ ಹಳೇ 4 ಸ್ಕ್ವೇರ್ ಅಲ್ಯುಮಿನಿಯಂ ತಂತಿ, ಒಂದು ಪಿಂಗಾಣಿ ಕಟೌಟು (ಹಳೇ ಕಾಲದ ಫ್ಯೂಸ್ ಡಬ್ಬಿ).

ಅರ್ಥಿಂಗ್_ಮಾಸ್ತರ್
8 ಮೀಟರ್ ಅಲ್ಯುಮಿನಿಯಂಗೆ ಎರಡೂ ತಂತಿ ಸೇರಿ ಎರಡು ವೋಲ್ಟ್ ಮೀರಬಾರದು. ಬಿದ್ದಿರುವುದು ಆರೂವರೆ. ಅದರಲ್ಲೂ ನ್ಯೂಟ್ರಲ್ಲಿನ ಪಾಲೇ 5.6. ಹೆಚ್ಚುಕಮ್ಮಿ 4.7 ವೋಲ್ಟ್ ಕಟೌಟಿನ ನ್ಯೂಟ್ರಲ್ ಲಿಂಕಿನಲ್ಲೇ ಬೀಳುತ್ತಿದೆ. ಅದನ್ನು 15ರಿಂದ ಗುಣಿಸಿ, 70 ವ್ಯಾಟ್. ಒಂದು ಸ್ಕ್ರೂವಿನ ಕೆಳಗೆ 70 ವ್ಯಾಟಿನ ಬಲ್ಬ್ ಉರಿಯುತ್ತಿದೆ. ಇವತ್ತು ರಾತ್ರಿ ಚಾರ್ಜ್ ಹಾಕಬೇಡಿ. ಎಸ್ಕಾಂನವರಿಂದ ಕಂಬದಲ್ಲಿ ಕಡಿಸಿ, ಕಟೌಟು ತೆಗೆದು ಎರಡು ಪೋಲಿನ 40 ಆಂಪ್ ಎಂಸಿಬಿ ಹಾಕಿಸಿ, ಮೀಟರಿನಿಂದ ಡಿಬಿಗೆ 10 ಸ್ಕ್ವೇರ್ ತಾಮ್ರ ಎಳೆಸಿ. ಹಳೇ ಅಲ್ಯುಮಿನಿಯಂಗೆ ತಾಮ್ರ ತಿರುಚಿ ಸೇರಿಸುವ ಕೆಲಸ ಎಲ್ಲೂ ಬೇಡ. ಸೇರಿಸಲೇಬೇಕಾದಲ್ಲಿ ಬೈಮೆಟಲ್ ಲಗ್.

ಮೈಸೂರು_ಕಾರ್‌ಶೆಡ್
ಮಾಡಿಸಿದೆ ಸರ್. ನ್ಯೂಟ್ರಲ್ ಲಿಂಕಿನ ಸ್ಕ್ರೂ ಸುತ್ತ ಪಿಂಗಾಣಿ ಕಪ್ಪಾಗಿ ಸೀಳಿತ್ತು, ತಂತಿಯ ತುದಿ ಬೂದಿ ಬಣ್ಣದ ಪುಡಿಯಾಗಿತ್ತು. ಈಗ 15 ಆಂಪ್ ಲೋಡಿನಲ್ಲಿ ಸಾಕೆಟ್ಟಿನಲ್ಲಿ 225, ನ್ಯೂಟ್ರಲ್-ಅರ್ಥ್ 4.9. ನಿನ್ನೆ ರಾತ್ರಿ 10ರಿಂದ ಬೆಳಿಗ್ಗೆ 6.40ರವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಪ್ಲಗ್ಗು ಬೆಚ್ಚಗಿತ್ತು, ಅಷ್ಟೇ.

ಅರ್ಥಿಂಗ್_ಮಾಸ್ತರ್
ಒಳ್ಳೆಯದಾಯಿತು. 4.9ರಲ್ಲಿ 2.8 ಮೀಟರಿನಿಂದ ಆಚೆಗಿನದು, ಅದು ಕಂಬದ ಕಡೆಯ ಜಂಪರ್ (ಲೈನಿಗೆ ಜೋಡಿಸುವ ತುಂಡು ತಂತಿ) ಆಗಿರಬಹುದು. ಈ ಎಲ್ಲ ಅಂಕಿಗಳನ್ನೂ ಡಿಬಿ ಬಾಗಿಲ ಒಳಮೈಯಲ್ಲಿ ತಾರೀಕು ಸಮೇತ ಬರೆದು ಅಂಟಿಸಿ. ಏಪ್ರಿಲ್‌ನಲ್ಲಿ ಮತ್ತೆ ಅಳೆದಾಗ ಮೀಟರ್ ಹೊರಗೆ 2.8 ಇದ್ದದ್ದು ಏರಿದ್ದರೆ ಲೈನ್‌ಮ್ಯಾನ್‌ಗೆ ಆ ಚೀಟಿ ತೋರಿಸಿಯೇ ಕಂಬ ಹತ್ತಿಸಿ.